ಗೋಡೆಗೆ ನೇತುಹಾಕಿದ ಸಮುದ್ರ

ನಮ್ಮ ಚಿಕ್ಕಪ್ಪ ಬೊಂಬಾಯಿಯಲ್ಲಿ ಇದ್ದದ್ದು ಒಂದೇ ವರ್ಷ. ಅಲ್ಲಿ ಏನು ಕೆಲಸ ಮಾಡಿದನೋ ಆ ಶಿವನಿಗೇ ಗೊತ್ತು. ಆದರೆ ಶಿಕಾರಿಪುರಕ್ಕೆ ವಾಪಸ್ಸು ಬಂದ ಮೇಲೆ ಆ ಒಂದು ವರ್ಷವನ್ನು ಬದುಕಿರುವ ತನಕ ಬಡಿಸಿಕೊಂಡು ಉಂಡ. 'ಬೊಂಬಾಯಿಯಾಗೆ ಹಿಂಗಿಲ್ಲ' ಎನ್ನದೆ ಅವನು ನೀರು ಕುಡಿದದ್ದನ್ನೂ ನಾನು ನೋಡಿಲ್ಲ.

ಬರುವಾಗ ಒಂದು ಟ್ರಂಕು ತಂದ, ಗೋಣಿತಾಟಿನಲ್ಲಿ ಸುತ್ತಿದ ಮೂರು ಪಟ ತಂದ. ಪಟ ಅಂದ ಮೇಲೆ ದೇವರದ್ದೇ ಇರಬೇಕೆಂದು ಅಮ್ಮ ಕೈಕಾಲು ತೊಳೆದುಕೊಂಡು ಕುಂಕುಮದ ಬಟ್ಟಲು ಹಿಡಿದು ಓಡಿ ಬಂದಳು. ತಾಟು ಬಿಚ್ಚಿದರೆ ಒಳಗೆ ಗಾಜು, ಗಾಜಿನ ಹಿಂದೆ ಹಳದಿಗಟ್ಟಿದ ಕಾಗದ. ಕಾಗದದ ನಡುವೆ ಅಂಚು ಹರಿದ ದೋಸೆಯಂಥ ಒಂದು ಆಕಾರ. ಅದರ ಸುತ್ತ ಬರೀ ಬಯಲು, ಆ ಬಯಲ ತುಂಬ ಸಾಸಿವೆ ಚೆಲ್ಲಿದ ಹಾಗೆ ಸಣ್ಣ ಸಣ್ಣ ಅಂಕಿಗಳು.

"ಏನೋ ಇದು?" ಅಂದರು ಅಪ್ಪ.

"ಚಾರ್ಟು ಅಣ್ಣಾ. ಹಡಗಿನೋರದ್ದು. ಪೆಸಿಫಿಕ್ ಸಾಗರದಾಗಿನ ದ್ವೀಪ. ನೂರು ವರ್ಷದ ಹಳೇದು."

"ನಮಗ್ಯಾತಕ್ಕೋ? ಬಟ್ಟೆ ಅಂಗಡಿಯೋರಿಗೆ?"

"ಗೋಡೆಗೆ!" ಅಂದ ಚಿಕ್ಕಪ್ಪ. ಇಷ್ಟು ದಡ್ಡ ಅಣ್ಣ ತನಗೆ ಇದ್ದಾನಲ್ಲ ಎಂಬ ಮರುಕ ಅವನ ಮುಖದ ಮೇಲೆ ಚೆನ್ನಾಗಿ ಕಂಡಿತು.

ಬೊಂಬಾಯಿಯ ದೊಡ್ಡ ಮನೆಗಳಲ್ಲಿ ದೇವರು ಒಳಕೋಣೆಯಲ್ಲಿ ಇರುತ್ತಾನಂತೆ, ಪಡಸಾಲೆಯಲ್ಲಿ ಇಂಥ ಸಮುದ್ರ ಇರುತ್ತದಂತೆ. ಕ್ಯಾಲೆಂಡರು ತೂಗುಹಾಕುವವರು ಕಿರಾಣಿ ಅಂಗಡಿಯವರು ಮಾತ್ರವಂತೆ. ನಮ್ಮ ಗೋಡೆಯ ತುಂಬ ಇದ್ದದ್ದು ಬಟ್ಟೆ ಗಿರಣಿಗಳು ವರ್ಷಾವರ್ಷ ಕಳಿಸುತ್ತಿದ್ದ ಲಕ್ಷ್ಮಿ, ಸರಸ್ವತಿ, ಶಿವಪಾರ್ವತಿಯರು. ಅವರನ್ನೆಲ್ಲ ಒಂದೇ ದಿನದಲ್ಲಿ ಕೆಳಗಿಳಿಸಿ ಆ ಮೊಳೆಗಳಿಗೇ ಪೆಸಿಫಿಕ್ ಸಾಗರವನ್ನು ಏರಿಸಿದ. ಈ ಚಿಕ್ಕಪ್ಪನ ಅಂಗಿಗೆ ಎರಡು ಗುಂಡಿ ಇರಲಿಲ್ಲ, ಚಪ್ಪಲಿಯ ಉಂಗುಷ್ಠಕ್ಕೆ ದಾರ ಕಟ್ಟಿಕೊಂಡಿದ್ದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

"ದೇವರನ್ನ ಇಳಿಸಿ ನೀರು ಏರಿಸ್ಯಾನ, ಇವನ ಬುದ್ಧಿಗಿಷ್ಟು ಬೆಂಕಿ ಹಾಕ" ಎಂದು ಅಜ್ಜಿ ಬೈದಳು. ಬೈದರೂ, ದೊಡ್ಡ ಪಟದ ಮೂಲೆಯಲ್ಲಿ ದಿಕ್ಕು ತೋರಿಸುವ ಚಕ್ರವೊಂದಿತ್ತಲ್ಲ, ಅದು ಯಾವ ದೇವರ ಯಂತ್ರವೋ ಏನೋ, ಯಾವುದಕ್ಕೂ ಇರಲಿ ಅಂತ ದಿನಾ ಬೆಳಿಗ್ಗೆ ಅದರ ಗಾಜಿಗೆ ವಿಭೂತಿ ಹಚ್ಚುತ್ತಿದ್ದಳು. ಚಿಕ್ಕಪ್ಪ ಒರೆಸುವುದು, ಅಜ್ಜಿ ಹಚ್ಚುವುದು. ಇದೇ ನಡೆಯಿತು.

ಬಂದವರಿಗೆಲ್ಲ ಚಿಕ್ಕಪ್ಪನ ಉಪನ್ಯಾಸ ಉಚಿತ. ಅಂಕಿಗಳು ಏನೆಂದು ಯಾರಾದರೂ ಕೇಳಿದರೆ ಒಬ್ಬರಿಗೆ ಹಡಗಿನ ದಾರಿ ಅನ್ನುವನು, ಇನ್ನೊಬ್ಬರಿಗೆ ಬಿಸಿಲಿನ ಲೆಕ್ಕ ಅನ್ನುವನು. ನಾನಾಗ ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದೆ. ಪಟದ ಕೆಳಗೆ ಇಂಗ್ಲಿಷಿನಲ್ಲಿ ಸಣ್ಣದಾಗಿ ಬರೆದದ್ದನ್ನು ಓದಿದೆ, ಗೊತ್ತಾಗದ ಒಂದು ಪದವನ್ನು ಶಾಲೆಯ ಡಿಕ್ಷನರಿಯಲ್ಲಿ ನೋಡಿಕೊಂಡು ಬಂದೆ. ಅಂಕಿಗಳು ನೀರಿನ ಆಳ. ಎರಡೂ ಕೈ ಚಾಚಿದರೆ ಎಷ್ಟಾಗುತ್ತದೋ ಅಷ್ಟಕ್ಕೆ ಒಂದು ಫ್ಯಾದಮ್. ನಮ್ಮ ಕನ್ನಡದಲ್ಲಿ ಮಾರು. ಸಂತೆಯಲ್ಲಿ ಹೂವು ಅಳೆದು ಕೊಡುತ್ತಾರಲ್ಲ, ಅದೇ.

ಹೋಗಿ ಚಿಕ್ಕಪ್ಪನಿಗೆ ಹೇಳಿದೆ. "ಸಮುದ್ರಾನ ಯಾರಾದ್ರೂ ಮಾರಿನ ಲೆಕ್ಕದಾಗೆ ಅಳೀತಾರೇನೆ? ಅದೇನು ಸೇವಂತಿಗೆ ಹಾರನಾ?" ಎಂದು ನಕ್ಕ. ಓದಿದ ಹೆಣ್ಣಿನ ಮಾತಿಗೆ ನಮ್ಮ ಮನೆಯಲ್ಲಿ ಅಷ್ಟು ಬೆಲೆ.

ಹೊರಗೂ ಅದಕ್ಕೆ ಬೆಲೆ ಇರಲಿಲ್ಲ. ಅಲ್ಲಿಯ ತನಕ ನನ್ನನ್ನು ನೋಡಿ ಹೋದವರಲ್ಲಿ ಒಬ್ಬರು ಹುಡುಗಿ ಉದ್ದವಾಯಿತು ಅಂದಿದ್ದರು, ಇನ್ನೊಬ್ಬರು ಓದು ಉದ್ದವಾಯಿತು ಅಂದಿದ್ದರು. ಎರಡನ್ನೂ ಕತ್ತರಿಸುವ ಹಾಗಿರಲಿಲ್ಲ.

ಆಗ ಸೊರಬದ ಕಡೆಯಿಂದ ಒಂದು ಸಂಬಂಧದ ಮಾತು ಬಂತು. ಚಂದ್ರಗುತ್ತಿಯ ದಾರಿಯಲ್ಲಿರುವ ಒಂದು ಹಳ್ಳಿಯ ಪಟೇಲರ ಮಗ. ಆ ಕಡೆ ಕಾಡಂಚಿನಲ್ಲಿ ಮಂಗಗಳು ಸಾಯುತ್ತಿವೆ, ಜ್ವರ ಬರುತ್ತದೆ ಎಂದು ಅಮ್ಮ ಹಿಂದುಮುಂದು ನೋಡಿದಳು. ನಾನು ನೋಡಲಿಲ್ಲ. ಏಕೆಂದರೆ ಆ ಹುಡುಗನನ್ನು ನಾನು ಮೊದಲೇ ಕಂಡಿದ್ದೆ. ಅವನು ತಾಯಿಯ ಜೊತೆ ನಮ್ಮ ಅಂಗಡಿಗೆ ಸೀರೆ ಕೊಳ್ಳಲು ಬಂದಿದ್ದ ದಿನ ನಾನು ಅಪ್ಪನಿಗೆ ಬುತ್ತಿ ತಂದಿದ್ದೆ. ಗಿರಾಕಿಗಳು ಗುಡ್ಡೆ ಗುಡ್ಡೆ ಬಿಚ್ಚಿಸಿ, ಮೂಗು ಮುರಿದು, ಎದ್ದು ಹೋಗುವುದು ವಾಡಿಕೆ. ಇವನು ಬಿಚ್ಚಿದ ಸೀರೆಗಳನ್ನೆಲ್ಲ ಒಂದೊಂದಾಗಿ ಮಡಿಚಿ ಇಟ್ಟು ಹೋದ. ಗಂಡಸು ಬಟ್ಟೆ ಮಡಿಚಿದ್ದನ್ನು ನಾನು ಜನ್ಮದಲ್ಲಿ ನೋಡಿದ್ದು ಅವತ್ತೇ. ಸುತ್ತುಬಳಸು ಯಾಕೆ, ನನಗೆ ಆ ಹುಡುಗ ಬೇಕಾಗಿದ್ದ. ಬೇರೆ ಯಾರೂ ಬೇಡವಾಗಿತ್ತು.

ಆದರೆ ಪಟೇಲರಿಗೆ ನಾನು ಬೇಕಾಗಿರಲಿಲ್ಲ. ಅವರ ಕಣ್ಣು ಸೊರಬದ ಬೇರೊಂದು ದೊಡ್ಡ ಮನೆಯ ಮೇಲಿತ್ತು. ನಮ್ಮ ಕಡೆಯವರ ಒತ್ತಾಯಕ್ಕೆ, ಮುಖದಾಕ್ಷಿಣ್ಯಕ್ಕೆ, 'ನೋಡಿದ ಹಾಗೆ ಮಾಡಿ ಬರೋಣ' ಎಂದು ಹೆಂಡತಿ ಮಗನೊಂದಿಗೆ ಬಸ್ಸು ಹತ್ತಿದ್ದರು. ಇದು ಅಪ್ಪನಿಗೂ ಗೊತ್ತಿತ್ತು. ಆದರೂ ಉಪ್ಪಿಟ್ಟಿಗೆ ತುಪ್ಪ ಜಾಸ್ತಿ ಹಾಕಿಸಿದರು.

ಪಟೇಲರನ್ನು ಕೂರಿಸಿದ್ದು ದೊಡ್ಡ ಪಟದ ಎದುರಿಗೆ. ಉಪ್ಪಿಟ್ಟಿನ ತಟ್ಟೆ ಕೈಗೆ ಬಂತು. ಒಂದು ತುತ್ತು ಬಾಯಿಗಿಟ್ಟರು, ಕಣ್ಣು ಗೋಡೆಯ ಮೇಲೆ ಹೋಯಿತು, ಅಲ್ಲೇ ನಿಂತಿತು. ನಾನು ಕಾಫಿಯ ತಟ್ಟೆ ಹಿಡಿದು ಬಂದು ಎದುರಿಗೆ ನಿಂತರೆ, ಒಂಚೂರು ಪಕ್ಕಕ್ಕೆ ಸರಿ ಎಂಬಂತೆ ಕೈ ಮಾಡಿದರು. ನಾನು ಪಟಕ್ಕೆ ಅಡ್ಡವಾಗಿದ್ದೆ!

ಇಲ್ಲಿ ಒಂದು ಮಾತು ಹೇಳಬೇಕು. ಪಟೇಲಿಕೆ ಮಾಡಿದವರಿಗೆ ಕಾಗದದ ಮೇಲೆ ಅಂಕಿ ಕಂಡರೆ ಅದು ಸರ್ವೆ ನಂಬರು. ಗೆರೆ ಕಂಡರೆ ಅದು ಜಮೀನಿನ ಹದ್ದು. ಬೇರೆ ಅಂಕಿ, ಬೇರೆ ಗೆರೆ ಪ್ರಪಂಚದಲ್ಲಿ ಇಲ್ಲ. ಮೇಲಾಗಿ ಅದು ಶರಾವತಿಗೆ ದೊಡ್ಡ ಅಣೆಕಟ್ಟು ಕಟ್ಟುತ್ತಾರೆಂಬ ಸುದ್ದಿ ಎದ್ದಿದ್ದ ಕಾಲ. ಯಾವ ಊರು ಮುಳುಗುತ್ತದೆ, ಯಾವುದು ಉಳಿಯುತ್ತದೆ ಎಂದು ಚಹದಂಗಡಿಗಳಲ್ಲಿ ಕೂತವರು ದಿನಕ್ಕೊಂದು ಹಳ್ಳಿಯನ್ನು ಬಾಯಲ್ಲೇ ಮುಳುಗಿಸುತ್ತಿದ್ದರು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

"ಎಂಥದ್ದು ಮಾರಾಯ್ರೆ ಇದು? ನಕ್ಷೆಯಾ?" ಎಂದು ಪಟೇಲರು ಮೆಲ್ಲಗೆ ಕೇಳಿದರು.

ಚಿಕ್ಕಪ್ಪ ಕಾಯುತ್ತಿದ್ದವನೇ ಎದ್ದು ನಿಂತ. "ಹೌದ್ರೀ. ಅಸಲು ನಕ್ಷೆ. ಎಲ್ಲಾರ ಕೈಗೂ ಸಿಗೋವಂಥದ್ದಲ್ಲ."

"ಸರ್ಕಾರದ್ದಾ?"

"ಸರ್ಕಾರದ್ದೇ. ಮುದ್ರೆ ಅದೆ ನೋಡ್ರಿ ಇಲ್ಲಿ."

"ಈ ಬಯಲಾಗಿ ಕಾಣೋದೆಲ್ಲ?"

"ನೀರು."

"ಈ ನಂಬರೆಲ್ಲ?"

"ನೀರಾಗೇ ಅದಾವಲ್ರೀ. ಎಲ್ಲಾ ನೀರೇ!"

"ಶಿವನೇ," ಅಂದರು ಪಟೇಲರು. ತಟ್ಟೆ ಕೆಳಗಿಟ್ಟರು. "ಹಂಗಾರೆ ಉಳಿಯೋದು?"

"ನಡುವೆ ಗುಡ್ಡ ಅದೆಯಲ್ರೀ, ಅದೊಂದೇ."

"ಇದು ಖಾತ್ರಿಯಾ?"

"ಏನು ಹಿಂಗಂತೀರಿ? ಇದನ್ನ ನಂಬಿ ಸಾವಿರಾರು ಜನ ಜೀವ ಉಳಿಸಿಕೊಂಡಾರ್ರೀ!"

ಪಟೇಲರು ಎದ್ದು ಹೋಗಿ ಗಾಜಿಗೆ ಮೂಗು ತಾಗಿಸಿ ನೋಡಿದರು. ಇಂಗ್ಲಿಷು ಅವರಿಗೆ ಬಾರದು, ಬಾರದೆಂದು ಹೇಳುವ ಅಭ್ಯಾಸವೂ ಇರಲಿಲ್ಲ. "ಇಂಥದ್ದನ್ನ ಹಿಂಗೆ ಬಹಿರಂಗವಾಗಿ ಗೋಡೆಗೆ ಹಾಕಿದೀರಲ್ಲ" ಎಂದು ಪಿಸುಗುಟ್ಟಿದರು.

"ನೋಡೋ ಕಣ್ಣಿದ್ದೋರಿಗಷ್ಟೇ ತಿಳೀತದೆ ಬಿಡ್ರಿ" ಅಂದ ನಮ್ಮ ಮಹಾನುಭಾವ. ತಮಗೆ ಆ ಕಣ್ಣು ಇದೆಯೆಂದು ಪಟೇಲರು ಉಬ್ಬಿದರು.

ಹೊರಡುವಾಗ ಅಪ್ಪನನ್ನು ಪಕ್ಕಕ್ಕೆ ಕರೆದು, "ಹುಡುಗಿ ಒಪ್ಪಿಗೆ. ಮುಹೂರ್ತ ಬೇಗ ಇಡಿಸಿ. ಗೋಡೆ ವಿಚಾರ ಮಾತ್ರ ಯಾರ ಹತ್ರವೂ ಬಾಯಿ ಬಿಡೋದು ಬೇಡ. ಅಂಜನಾಪುರದಾಗೆ ಕಟ್ಟೆ ಕಟ್ಟುವಾಗಲೂ ಹೀಗೇ ಅಲ್ವಾ, ಯಾವ ಜಮೀನು ಮುಳುಗ್ತದೆ ಅಂತ ನಿಮ್ಮ ಊರಿನ ತಿಳಿದೋರು ಮೊದಲೇ ತಿಳಕಂಡಿದ್ರು. ಈಗ ನಾವು ನೀವು ಒಂದೇ ಅಲ್ವಾ?" ಅಂದರು. ಹುಡುಗಿ ಕಪ್ಪೋ ಬಿಳುಪೋ ಆ ಮನುಷ್ಯ ನೋಡಿರಲಿಲ್ಲ. ಅವರ ಹೆಂಡತಿ ಮಾತ್ರ ನನ್ನನ್ನು ಅಡಿಯಿಂದ ಮುಡಿಯ ತನಕ ಅಳೆದು ಬಸ್ಸಿನ ಕಡೆ ನಡೆದರು.

ನಾನು ಬಾಗಿಲ ಹಿಂದೆ ನಿಂತು ಇದನ್ನೆಲ್ಲ ಕೇಳಿಸಿಕೊಂಡೆ. ಮೊದಲು ನಗು ಬಂತು, ಆಮೇಲೆ ಲೆಕ್ಕ ಹಾಕಿದೆ. ಈ ಮನುಷ್ಯ ನನ್ನನ್ನಲ್ಲ, ಮುಳುಗಡೆಯ ಸುದ್ದಿಯನ್ನು ಸೊಸೆ ಮಾಡಿಕೊಳ್ಳುತ್ತಿದ್ದಾರೆ. ಸುದ್ದಿ ಸುಳ್ಳೆಂದು ತಿಳಿದ ಗಳಿಗೆಗೆ ನಾನೂ ಬೇಡ.

ಅಪ್ಪನಿಗೆ ಹೇಳಿದೆ. ಅವರು ಬಟ್ಟೆ ಅಳೆಯುವ ಗಜಕಡ್ಡಿಯಿಂದ ಬೆನ್ನು ಕೆರೆದುಕೊಳ್ಳುತ್ತ ಕೇಳಿದರು. "ಗಿರಾಕಿ ತಾನಾಗೇ ಬಣ್ಣ ಒಪ್ಪಿಕೊಂಡ ಮೇಲೆ ಅಂಗಡಿಯೋನು ಬಾಯಿ ತೆರೀಬಾರದು ಕಣವ್ವ" ಅಂದರು. "ನಾವು ಸುಳ್ಳು ಹೇಳಿದ್ವಾ? ನೀರು ಅಂದ್ವಿ, ನೀರೇ. ಗುಡ್ಡ ಅಂದ್ವಿ, ಗುಡ್ಡಾನೇ. ನಿನಗೆ ಆ ಹುಡುಗ ಬೇಡೇನು, ಹೇಳು."

ಬೇಕು ಅಂದೆ. ಧರ್ಮಸಂಕಟ ಅನುಭವಿಸಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಅವತ್ತು ಹೊಟ್ಟೆ ತುಂಬ ಉಂಡೆ.

ಚಿಕ್ಕಪ್ಪನಿಗೆ ಮಾತ್ರ ನಾವು ಏನೂ ಹೇಳಲಿಲ್ಲ. ಅವನ ಬಾಯಿಗೆ ಬಾಗಿಲೂ ಇಲ್ಲ, ಅಗುಳಿಯೂ ಇಲ್ಲ. ಬೀಗರು ತನ್ನ ಪಟದ ಅಂದಕ್ಕೆ ಮರುಳಾದರೆಂದೇ ಅವನು ನಂಬಿದ್ದ. "ಸೊರಬದಾಗೂ ರಸಿಕರು ಅದಾರೆ ಅಂತ ನನಗೆ ಗೊತ್ತಿರಲಿಲ್ಲ" ಎಂದು ಬೀದಿಯಲ್ಲೆಲ್ಲ ಹೇಳಿದ. ಅಪ್ಪ ಅವನನ್ನು ಜವಳಿ ಖರೀದಿಯ ನೆಪದಲ್ಲಿ ದಾವಣಗೆರೆಗೆ ಅಟ್ಟಿದರು. ಮದುವೆ ಹತ್ತಿರ ಬರುವ ತನಕ ಅಲ್ಲೇ ಇರಿಸಿದರು.

ಅಷ್ಟರಲ್ಲಿ ಸೊರಬದಿಂದ ಸುದ್ದಿ ಬಂತು. ಪಟೇಲರ ಊರಿನಲ್ಲಿ ಒಬ್ಬಳು ವಯಸ್ಸಾದ ವಿಧವೆ. ಗುಡ್ಡದ ಓರೆಯಲ್ಲಿ ಅವಳದೊಂದು ನೀರಿಲ್ಲದ ಖುಷ್ಕಿ ಜಮೀನು. ಮುಕ್ಕಾಲು ಪಾಲು ಕಲ್ಲು, ಕಾಲು ಪಾಲು ಮುಳ್ಳುಕಂಟಿ. ಪಟೇಲರು ಅವಳನ್ನು ಕರೆಸಿ, ಹೊಳೆಯ ಬಗಲಿನ ತಮ್ಮ ತರಿ ಗದ್ದೆಯನ್ನು, ಎರಡು ಬೆಳೆ ಬರುವ ಗದ್ದೆಯನ್ನು, ಅವಳ ಆ ಕಲ್ಲುಗುಡ್ಡಕ್ಕೆ ಅದಲುಬದಲು ಮಾಡಿಕೊಂಡರಂತೆ. ರಿಜಿಸ್ಟರೂ ಆಯಿತಂತೆ. ಅವಳಿಗೆ ನಂಬಿಕೆ ಬಾರದೆ ಪಟೇಲರ ಕಾಲಿಗೆ ಬಿದ್ದು ಅತ್ತಳಂತೆ.

ಊರಿಗೆ ಊರೇ ಬೆರಗಾಯಿತು. ಯಾರಿಗೂ ಗೇಣು ಜಾಗ ಬಿಡದ ಪಟೇಲರು! ದನ ಹದ್ದು ದಾಟಿದರೆ ದೊಡ್ಡಿಗೆ ಹೊಡೆಸುತ್ತಿದ್ದ ಪಟೇಲರು! ಮಗನ ಮದುವೆ ಗೊತ್ತಾದ ಗಳಿಗೆಯಲ್ಲಿ ಮನಸ್ಸು ಕರಗಿತು, ಬರುವ ಸೊಸೆಯ ಕಾಲ್ಗುಣ ಅಂದರು. ಮಠದ ಸ್ವಾಮಿಗಳು ಕರೆಸಿ ಶಾಲು ಹೊದಿಸಿದರು. ಒಬ್ಬಳು ಗತಿಯಿಲ್ಲದ ಮುದುಕಿಯನ್ನು ನೀರಿಗೆ ನೂಕಿದೆನೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡು, ಆ ಪುಣ್ಯಾತ್ಮ ತಲೆ ತಗ್ಗಿಸಿ ಶಾಲು ಹೊದ್ದರು.

"ಬೀಗರು ಧರ್ಮಾತ್ಮರು" ಅಂದರು ಅಪ್ಪ. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ.

ನನಗೆ ನಗು ಬರಲಿಲ್ಲ. ಇನ್ನು ನಿಜ ಹೊರಬಿದ್ದರೆ ಮದುವೆ ಮುರಿಯುವುದಷ್ಟೇ ಅಲ್ಲ, ಮುದುಕಿಯ ಗದ್ದೆಯನ್ನೂ ಏನಾದರೂ ಮಾಡಿ ಕಿತ್ತುಕೊಳ್ಳುತ್ತಾರೆ ಅನ್ನಿಸಿತು. ಬಾಯಿ ಮುಚ್ಚಿಕೊಳ್ಳಲು ನನಗೆ ಇನ್ನೊಂದು ಕಾರಣ ಸಿಕ್ಕಿತು. ಸುಳ್ಳು ಯಾಕೆ, ಮೊದಲನೆಯ ಕಾರಣವೇ ನನಗೆ ಸಾಕಾಗಿತ್ತು.

ಮದುವೆಯಾಯಿತು. ಕೊರಳಿಗೆ ತಾಳಿ ಬೀಳುವ ತನಕ ನಾನು ಮದುಮಗನನ್ನು ನೋಡಲಿಲ್ಲ, ಚಿಕ್ಕಪ್ಪನ ಬಾಯನ್ನೇ ನೋಡುತ್ತಿದ್ದೆ.

ಪಟೇಲರ ಮನೆಯಲ್ಲಿ ನನ್ನ ಮೊದಲ ಮಳೆಗಾಲ ಬಂತು. ಮಾವನವರು ದಿನಾ ಬೆಳಿಗ್ಗೆ ಕೊಡೆ ಹಿಡಿದು ತಮ್ಮ ಕಲ್ಲುಗುಡ್ಡ ಹತ್ತಿ ನೀರು ಯಾವ ಕಡೆಯಿಂದ ಬರುತ್ತದೆಂದು ನೋಡುವರು. ನೀರು ಬಂತು. ಎಲ್ಲಿ ಎಷ್ಟು ಬರಬೇಕೋ ಅಷ್ಟು ಬಂತು, ಮುದುಕಿಯ ಗದ್ದೆಗೆ ಹದವಾಗಿ ನಿಂತಿತು. ಅಂಥ ಬೆಳೆಯನ್ನು ಆ ಊರು ಬಹಳ ವರ್ಷದಿಂದ ಕಂಡಿರಲಿಲ್ಲವಂತೆ. ಗುಡ್ಡದ ಮೇಲೆ ಮಾವನವರು ಚೆಲ್ಲಿಸಿದ ರಾಗಿಯನ್ನು ನವಿಲು ತಿಂದವು, ಉಳಿದದ್ದು ಕಲ್ಲು. ಅಣೆಕಟ್ಟಿನ ನೀರು ನಿಲ್ಲುವುದು ನಮ್ಮ ಕಡೆ ಅಲ್ಲವೇ ಅಲ್ಲ, ಸಾಗರ ಪೇಟೆಯ ಆಚೆ ಎಂಬ ಮಾತು ಆಗಲೇ ಹಬ್ಬುತ್ತಿತ್ತು. "ಅವರಿಗೆಂತ ಗೊತ್ತು" ಎಂದು ಮಾವನವರು ಮೂಗು ಮುರಿಯುವರು. ನಕ್ಷೆ ನೋಡಿದವರು ಅವರೊಬ್ಬರೇ ಅಲ್ಲವೆ!

ಸುಗ್ಗಿ ಮುಗಿದ ಮೇಲೆ ಆ ಮುದುಕಿ ಹೊಸ ಅಕ್ಕಿಯ ಮೊದಲ ಪಾಲನ್ನು ಮೊರದಲ್ಲಿ ತುಂಬಿಕೊಂಡು ಬಂದಳು. "ನೀವು ದೇವ್ರು ಒಡೆಯಾ. ಮೊದ್ಲ ಅಗುಳು ನಿಮ್ಮ ಬಾಯಿಗೇ ಬೀಳ್ಬೇಕು" ಎಂದು ಕೂತೇ ಬಿಟ್ಟಳು. ಅತ್ತೆ ಅನ್ನ ಮಾಡಿ ಬಡಿಸಿದರು. ತಮ್ಮದೇ ಗದ್ದೆಯ ಅನ್ನವನ್ನು ದಾನವಾಗಿ ಉಣ್ಣುತ್ತ ಮಾವನವರ ಬಾಯಲ್ಲಿ ಬಿಸಿತುಪ್ಪ ಇದ್ದ ಹಾಗಾಗಿತ್ತು, ಉಗುಳಲೂ ಆಗದು ನುಂಗಲೂ ಆಗದು. ಮುದುಕಿ ಕಣ್ಣೊರೆಸಿಕೊಳ್ಳುತ್ತ ಎದುರಿಗೇ ಕೂತಿದ್ದಳು. ನಾನು ನೀರು ತರುವ ನೆಪದಲ್ಲಿ ಹಿತ್ತಲಿಗೆ ಓಡಿ ಸೆರಗು ಬಾಯಿಗೆ ತುರುಕಿಕೊಂಡೆ.

ಅದಾದ ಕೆಲವೇ ದಿನಕ್ಕೆ ಚಿಕ್ಕಪ್ಪ ಬಂದಿಳಿದ, ಕಂಕುಳಲ್ಲಿ ಗೋಣಿತಾಟಿನ ಗಂಟು. ದೊಡ್ಡ ಪಟ! ಬೊಂಬಾಯಿಯಲ್ಲಿ ಈಗ ಸಮುದ್ರ ಹಳೆಯದಾಯಿತಂತೆ, ಈಗೇನಿದ್ದರೂ ಕಾಡುಕೋಣದ ಕೊಂಬಂತೆ. ಹಾಗಾಗಿ ರಸಿಕರಾದ ಬೀಗರ ಗೋಡೆಗೆ ಇದು ಉಡುಗೊರೆ.

ಮಾವನವರು ಪಟ ಕಂಡು ಬಾಗಿಲು ಹಾಕಿಸಿದರು. ಒಳಗೆ ಅತ್ತೆ, ನಾನು, ಬಾಗಿಲ ಬಳಿ ನನ್ನ ಗಂಡ. "ಈಗಲಾದ್ರೂ ಸರಿಯಾಗಿ ಹೇಳಿ ಮಾರಾಯ್ರೆ," ಮಾವನವರು ಧ್ವನಿ ತಗ್ಗಿಸಿದರು. "ನೀರು ಯಾವ ವರ್ಷ ಬರ್ತದೆ?"

"ಯಾವ ನೀರು?" ಅಂದ ಚಿಕ್ಕಪ್ಪ.

"ಇದೇ. ನಕ್ಷೆಯಾಗಿಂದು."

"ಅದು ಬರೋದೇನ್ರೀ? ಅಲ್ಲೇ ಅದೆಯಲ್ಲ! ಪೆಸಿಫಿಕ್ ಸಾಗರ. ಹಡಗಿನಾಗೆ ಹೋದ್ರೂ ತಿಂಗಳುಗಟ್ಟಲೆ ಬೇಕು."

ಮಾವನವರು ಇಂಗು ತಿಂದ ಮಂಗನ ಹಾಗೆ ಒಮ್ಮೆ ಪಟ ನೋಡಿದರು, ಒಮ್ಮೆ ಅವನನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. ಆ ಮನೆಗೆ ನಾನು ಬಂದ ಮೇಲೆ ಅವರು ನನ್ನ ಮುಖವನ್ನು ಸರಿಯಾಗಿ ನೋಡಿದ್ದು ಆಗಲೇ.

"ನೀನು ಇಂಗ್ಲಿಷು ಓದಿದೋಳಲ್ವೇನೆ. ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಮಾವ" ಅಂದೆ. ಇನ್ನು ಮುಚ್ಚಿಡಲು ಏನು ಉಳಿದಿತ್ತು? "ಅದು ಸಮುದ್ರ. ಅಂಕಿ ನೀರಿನ ಆಳ."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ದರೆ ಮದುವೆ ಆಗ್ತಿರಲಿಲ್ಲ."

ಮಾವನವರು ಎದ್ದು ನಿಂತರು. "ಇವಳ ಬಟ್ಟೆಬರೆ ಕಟ್ಟು. ಈ ಮನುಷ್ಯನ ಜೊತೆಗೇ ಇವತ್ತೇ ಕಳಿಸು. ಇಂಥೋಳು ನಮ್ಮ ಮನೆಗೆ ಬೇಡ!" ಎಂದು ಅತ್ತೆಗೆ ಕೂಗಿದರು.

ನಾನು ನನ್ನ ಗಂಡನ ಕಡೆ ನೋಡಿದೆ. ಅವರು ಹೊಸಿಲು ನೋಡುತ್ತಿದ್ದರು. ಯಾರಿಗಾಗಿ ಇಷ್ಟೆಲ್ಲ ನುಂಗಿಕೊಂಡೆನೋ ಅವರು ಹೊಸಿಲನ್ನು ಬಿಟ್ಟು ಕಣ್ಣೆತ್ತಲಿಲ್ಲ.

ಬಾಯಿ ಬಿಟ್ಟದ್ದು ಅತ್ತೆ. ಅವರು ಗಂಡನ ಮಾತಿಗೆ ಎದುರು ಮಾತಾಡಿದ್ದನ್ನು ನಾನು ಅಲ್ಲಿಯ ತನಕ ಕೇಳಿರಲಿಲ್ಲ.

"ಕಳಿಸುವ. ಅದಕ್ಕೆಂತ?" ಅಂದರು, ತಣ್ಣಗೆ. "ಸೊಸೇನ ಯಾಕೆ ಬಿಟ್ರಿ ಅಂತ ಊರವರು ಕೇಳ್ತಾರಲ್ಲ, ಎಂತ ಹೇಳ್ಲಿ? ಮುಳುಗೋ ಗದ್ದೆ ಅಂತ ಮುದುಕಿ ತಲೆಗೆ ಕಟ್ಟಿದ್ರು, ಮುಳುಗಲಿಲ್ಲ, ಅದ್ಕೆ ಅಂತ ಹೇಳ್ಲಾ? ಸ್ವಾಮಿಗಳ ಶಾಲು ಪೆಟ್ಟಿಗೇಲಿದೆ. ಅದನ್ನೂ ಇವಳ ಗಂಟಿನ ಜೊತೆಗೇ ಕಟ್ಲಾ?"

ಮಾವನವರು ಕೂತರು. ಆಮೇಲೆ ಆ ವಿಷಯವನ್ನು ಅವರು ಮತ್ತೆ ಎತ್ತಲಿಲ್ಲ. ಅವರ ಧರ್ಮಾತ್ಮನ ಹೆಸರು ಇರುವ ತನಕ ಆ ಮನೆಯಲ್ಲಿ ನನ್ನ ಜಾಗ ಭದ್ರವಾಯಿತು, ಮುದುಕಿಯ ಗದ್ದೆಯೂ ಭದ್ರವಾಯಿತು.

"ಹಂಗಾದ್ರೆ ಮೊಳೆ ಎಲ್ಲಿ ಹೊಡೀಲಿ?" ಅಂದ ಚಿಕ್ಕಪ್ಪ.

ಅವನನ್ನು ಬಸ್ಸು ಹತ್ತಿಸಿ ಬಂದ ನನ್ನ ಗಂಡ ಹಿತ್ತಲಿಗೆ ಬಂದರು. ನಾನು ಪಾತ್ರೆ ತಿಕ್ಕುತ್ತಿದ್ದೆ. ತೊಳೆದವನ್ನು ಎತ್ತಿ ಬೋರಲು ಹಾಕತೊಡಗಿದರು.

"ನನಗಾದ್ರೂ ಒಂದು ಮಾತು ಹೇಳಬಹುದಿತ್ತು ನೀನು."

"ಹೇಳಿದ್ದರೆ ಏನು ಮಾಡ್ತಿದ್ರಿ?"

ಸುಳ್ಳು ಹೇಳಲು ಬರದ ಮನುಷ್ಯ. "ಅಪ್ಪನಿಗೆ ಹೇಳ್ತಿದ್ದೆ" ಅಂದರು.

"ಅವರು ಈ ಹುಡುಗಿ ಬೇಡ ಅಂದಿದ್ದರೆ?"

"ಸುಮ್ಮನಿರ್ತಿದ್ದೆ."

"ಅದಕ್ಕೇ ಹೇಳಲಿಲ್ಲ" ಅಂದೆ.